ಜಪಾನಿನ ವಿನ್ಯಾಸಕ ಶಿರೊ ಕುರಾಮಾತಾ ಮಾಡಿದ ಕುರ್ಚಿ, ದೀಪಗಳು ತೇಲುವಂತೆ ಕಾಣುವುದೇಕೆ?

ಭಾರ ಹೊರುವ ಚೌಕಟ್ಟನ್ನೇ ಅವರು ತೆಗೆದುಹಾಕಿದರು, ಅದಕ್ಕೆ. ಕುರ್ಚಿ ಅಂದ್ರೆ ಒಳಗೆ ಮರವೋ ಕಬ್ಬಿಣವೋ ಇರಬೇಕು ಅಂತ ನಮ್ಮ ಕಣ್ಣು ಹುಡುಕುತ್ತದೆ. ಅದು ಸಿಗದಿದ್ದಾಗ ವಸ್ತು ಗಾಳಿಯಲ್ಲಿ ನಿಂತಂತೆ ಅನಿಸುತ್ತದೆ.

1986ರ 'ಹೌ ಹೈ ದ ಮೂನ್' ಕುರ್ಚಿ ನೋಡಿ. ದೊಡ್ಡ ಸೋಫಾದ ಆಕಾರ, ಆದರೆ ಪೂರ್ತಿ ಉಕ್ಕಿನ ಜಾಲರಿ. ಒಳಗೆ ಖಾಲಿ. ಹಾಗಾದರೆ ಕುಸಿಯುವುದಿಲ್ಲವೇ? ಇಲ್ಲ. ತೆಳು ಹಾಳೆಯನ್ನು ಬಾಗಿಸಿದರೆ, ಅಂಚುಗಳನ್ನು ಒಂದಕ್ಕೊಂದು ಬೆಸೆದರೆ ಅದು ಗಟ್ಟಿಯಾಗುತ್ತದೆ. ಸುಮ್ನೆ ನಿಲ್ಲಿಸಿದರೆ ಬೀಳುವ ಕಾಗದ, ಮಡಚಿದರೆ ನಿಲ್ಲುತ್ತದಲ್ವಾ, ಹಾಗೆ. ಇಲ್ಲಿ ಮೇಲ್ಮೈಯೇ ಚೌಕಟ್ಟು.

1972ರ ಅವರ ದೀಪದ್ದೂ ಇದೇ ಉಪಾಯ. ಹಾಲುಬಣ್ಣದ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಹಾಳೆಯನ್ನು ಬಿಸಿಮಾಡಿ ಮೆದುವಾದಾಗ ಇಳಿಬಿಟ್ಟರು. ಬಟ್ಟೆಯಂತೆ ನೆರಿಗೆ ಬಿದ್ದು, ಆರಿದ ಮೇಲೆ ಹಾಗೇ ಗಟ್ಟಿಯಾಯಿತು. ಬೆಳಕು ಹಾಳೆಯೊಳಗೆ ಚದುರುವುದರಿಂದ ಇಡೀ ನೆರಿಗೆಯೇ ಹೊಳೆಯುತ್ತದೆ.

1988ರ 'ಮಿಸ್ ಬ್ಲಾಂಚ್' ಕುರ್ಚಿಯಲ್ಲಿ ಕೃತಕ ಗುಲಾಬಿಗಳು ಪಾರದರ್ಶಕ ಅಕ್ರಿಲಿಕ್ ಒಳಗೆ ತೇಲುತ್ತವೆ. ಹೆಚ್ಚು ಹೆಸರು ಮಾಡಿದ್ದು ಅದೇ, ಆದರೆ ಜಾಣತನ ಜಾಸ್ತಿ ಇರುವುದು ಜಾಲರಿಯಲ್ಲಿ ಅಂತ ನನ್ನ ಅಭಿಪ್ರಾಯ. ಕೂತರೆ ಎಷ್ಟು ಹಾಯಾಗಿರುತ್ತದೆ ಅನ್ನೋದು ಬೇರೆ ಮಾತು!