ಹದಿನಾರನ್ನು ಇಪ್ಪತ್ತರ ಪಕ್ಕ ಇಡಬೇಡಿ

ನಿಮ್ಮ ಪ್ರಶ್ನೆ: ಅಮ್ಮನಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಯಿತು, ಬಲಭಾಗ ಸ್ವಾಧೀನವಿಲ್ಲ. ಅಪ್ಪನಿಗೆ ಮಂಡಿನೋವು, ಎತ್ತಲಾರರು. ಅಣ್ಣ ಬೆಂಗಳೂರಿನಲ್ಲಿ. ಶಿವಮೊಗ್ಗದ ಆಫೀಸಿನಲ್ಲಿ ನಿಮ್ಮ ಸಂಬಳ ಹದಿನಾರು ಸಾವಿರ, ಹೋಂ ನರ್ಸ್ ಕೇಳುವುದು ಇಪ್ಪತ್ತು ಸಾವಿರ. ಹಾಗಾದರೆ ಕೆಲಸ ಬಿಟ್ಟು ರಿಪ್ಪನ್‌ಪೇಟೆಯ ಮನೆಯಲ್ಲೇ ಇರುವುದು ಲಾಭವಲ್ಲವೇ?

ಅಲ್ಲ. ಅತ್ತೆಯವರು ಮಲಗಿದ್ದಾಗ ನಮ್ಮನೆಯಲ್ಲೂ ಇದೇ ಲೆಕ್ಕ ಹಾಕಿದ್ದೆವು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಆ ಇಪ್ಪತ್ತು ಸಾವಿರ ಇಪ್ಪತ್ನಾಲ್ಕು ಗಂಟೆಯ ಬೆಲೆ. ನಿಮಗೆ ಬೇಕಿರುವುದು ಇಪ್ಪತ್ನಾಲ್ಕು ಗಂಟೆಯ ನರ್ಸ್ ಅಲ್ಲ, ಹಗಲಿನಲ್ಲಿ ಮೂರೂವರೆ ಗಂಟೆ ಗಟ್ಟಿ ತೋಳಿರುವ ಒಬ್ಬ ಹೆಂಗಸು. ಪಕ್ಕದಲ್ಲಿ ಕೂತು ನೀರು ಕುಡಿಸಲು, ಮಾತಾಡಿಸಲು, ಫೋನ್ ಮಾಡಲು ಅಪ್ಪ ಇದ್ದಾರೆ. ಬೆಳಿಗ್ಗೆ ಹತ್ತರಿಂದ ಹನ್ನೆರಡು (ಮೈ ಒರೆಸಿ, ಬಟ್ಟೆ ಬದಲಿಸಿ, ಕುರ್ಚಿಗೆ ಕೂರಿಸಿ, ಮತ್ತೆ ಮಲಗಿಸುವುದು), ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಊರಿನವರೇ ಆದರೆ ಆರೇಳು ಸಾವಿರದಲ್ಲಿ ಮಾತು ಮುಗಿಯಬಹುದು. ಆ ಹಣ ಅಣ್ಣ ಕೊಡಲಿ.

ಕೆಲಸದ ಜೊತೆ ಇನ್ನೂ ಒಂದು ಹೋಗುತ್ತದೆ. ಸಂಬಳ 21,000ದ ಒಳಗಿರುವುದರಿಂದ ನಿಮಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗುತ್ತಿರಬಹುದು. ಪೇ ಸ್ಲಿಪ್ ನೋಡಿ. ಶೇ. 0.75 ಅಂದರೆ ಹದಿನಾರು ಸಾವಿರಕ್ಕೆ 120 ರೂಪಾಯಿ. ನಿಮ್ಮನ್ನೇ ನಂಬಿಕೊಂಡಿರುವ ತಂದೆ-ತಾಯಿಗೂ ಅದರಲ್ಲಿ ಚಿಕಿತ್ಸೆ ಇದೆ. ಅವರ ಆದಾಯಕ್ಕೆ ಒಂದು ಮಿತಿ ಇದೆ, ಅವರ ಹೆಸರು ನಿಮ್ಮ ಇಎಸ್‌ಐ ದಾಖಲೆಯಲ್ಲಿ ಸೇರಿರಬೇಕು. ಎಷ್ಟೋ ಜನ ಸೇರಿಸಿರುವುದೇ ಇಲ್ಲ. ರಾಜೀನಾಮೆ ಬರೆಯುವ ಮೊದಲು ಇದನ್ನು ನೋಡಿ.

ಇನ್ನು ನಿಮ್ಮ ದುಡ್ಡು, ನಿದ್ದೆ, ಕೆಲಸ ಮೂರನ್ನೂ ಒಟ್ಟಿಗೆ ನುಂಗುವ ಸಂಗತಿ. ಅದು ಬೆಡ್ ಸೋರ್, ಅಂದರೆ ಮಲಗಿದಲ್ಲೇ ಮೈಭಾರ ಒತ್ತಿ ಆಗುವ ಹುಣ್ಣು. ಚರ್ಮ ಒಡೆದ ಮೇಲೆ ದಿನಾ ಡ್ರೆಸ್ಸಿಂಗ್, ಜ್ವರ ಬಂದರೆ ಅಡ್ಮಿಷನ್, ಅಡ್ಮಿಷನ್ ಆದರೆ ನಿಮ್ಮ ರಜೆ ಖಾಲಿ. ನಮ್ಮನೆಗೆ ದುಬಾರಿಯಾದದ್ದು ಇದೊಂದೇ. ಅದೂ ಏರ್ ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ತಂದ ಮೇಲೆ ಆದದ್ದು, ಹಾಗಾಗಿ ಇದನ್ನು ಉದ್ದಕ್ಕೆ ಬರೆಯುತ್ತೇನೆ.

ಏರ್ ಬೆಡ್ ಬಂತು, ಇನ್ನು ಹೊರಳಿಸುವುದು ಬೇಡ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆ ಹಾಸಿಗೆಯ ಗುಳ್ಳೆಗಳು ಸಾಲು ಬಿಟ್ಟು ಸಾಲು ಉಬ್ಬಿ ಇಳಿಯುವುದರಿಂದ ಒಂದೇ ಜಾಗದ ಮೇಲೆ ಭಾರ ನಿಲ್ಲುವುದಿಲ್ಲ, ನಿಜ. ಆದರೆ ಅದು ಹೊರಳಿಸುವ ಗಡುವನ್ನು ಮುಂದೂಡುತ್ತದೆ ಅಷ್ಟೇ. ಮಾಮೂಲಿ ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಆದರೆ, ಏರ್ ಬೆಡ್ ಸರಿಯಾಗಿ ಕೆಲಸ ಮಾಡುತ್ತಿದ್ದು ಚರ್ಮವೂ ಚೆನ್ನಾಗಿದ್ದರೆ ಮೂರರಿಂದ ನಾಲ್ಕು ಗಂಟೆ. ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅಂಗೈ ಮೇಲ್ಮುಖ ಮಾಡಿ ಏರ್ ಬೆಡ್ಡಿನ ಅಡಿಗೆ, ಸೊಂಟದ ಕೆಳಗೆ ತೂರಿಸಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು, ಅಮ್ಮ ಹಲಗೆಯ ಮೇಲೆ ಮಲಗಿದ ಹಾಗೆಯೇ. ಹಾಗಂತ ಪಂಪಿನ ತಿರುಗಣೆಯನ್ನು ಪೂರ್ತಿ ತಿರುಗಿಸಿದರೆ ಹಾಸಿಗೆ ಗಟ್ಟಿಯಾಗಿ ಅದೂ ಕೆಡುಕೇ. ತೂಕಕ್ಕೆ ತಕ್ಕಷ್ಟು ಇಟ್ಟು ಮತ್ತೆ ಕೈ ಹಾಕಿ ನೋಡಿ. ಏರ್ ಬೆಡ್ಡನ್ನು ಬರೀ ಮಂಚದ ಮೇಲೆ ಹಾಸಬಾರದು. ಕೆಳಗೆ ಹತ್ತಿಯ ಅಥವಾ ಫೋಮ್ ಹಾಸಿಗೆ ಇರಲಿ, ಮೇಲೆ ಒಂದೇ ತೆಳು ಹತ್ತಿ ಬಟ್ಟೆ, ಅದನ್ನೂ ಬಿಗಿಯಾಗಿ ಎಳೆದು ಸಿಕ್ಕಿಸಬೇಡಿ. ಬಿಗಿದರೆ ಗುಳ್ಳೆಗಳ ಕೆಲಸ ಮೈಗೆ ಮುಟ್ಟುವುದಿಲ್ಲ.

ನಮ್ಮ ಕಡೆಯ ನಿಜವಾದ ತೊಂದರೆ ಕರೆಂಟು. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಬಾರದೆಯೂ ಇರಬಹುದು. ಪಂಪು ನಿಂತ ಸದ್ದು ಮಳೆಯ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ, ಬೆಳಗಾಗುವಷ್ಟರಲ್ಲಿ ಗಾಳಿ ಇಳಿದಿರುತ್ತದೆ. ಪಂಪಿಗೆ ಬೇಕಾದ ವಿದ್ಯುತ್ತು ಒಂದು ಎಲ್‌ಇಡಿ ಬಲ್ಬಿನಷ್ಟೇ, ಹಾಗಾಗಿ ಇನ್ವರ್ಟರ್ ಇದ್ದರೆ ಟಿವಿ ಬಿಟ್ಟು ಮೊದಲು ಈ ಪಾಯಿಂಟ್‌ಗೆ ಲೈನ್ ಎಳೆಸಿ. ಇನ್ವರ್ಟರ್ ಇಲ್ಲವಾದರೆ, ಕರೆಂಟು ಹೋದ ಕೂಡಲೇ ಎರಡೂ ಟ್ಯೂಬನ್ನು ಪಂಪಿನಿಂದ ಕಿತ್ತು, ತುದಿ ಮಡಚಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಗಾಳಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಆದರೆ ಉಬ್ಬುವುದು-ಇಳಿಯುವುದು ನಿಂತಿರುವುದರಿಂದ ಎರಡು ಗಂಟೆಯ ಲೆಕ್ಕಕ್ಕೆ ಮರಳಬೇಕು. ಪಂಪನ್ನು ನೆಲದಲ್ಲಿಡದೆ ಮಂಚದ ಕಾಲ ಬದಿಯ ಹಲಗೆಗೆ ನೇತುಹಾಕಿ. ಅಡಿಕೆ ಅಟ್ಟವಿರುವ ಮನೆಯಲ್ಲಿ ಇಲಿ ಟ್ಯೂಬನ್ನು ಬಿಡುವುದಿಲ್ಲ.

ದಿನಕ್ಕೆರಡು ಸಲ ಬೆನ್ನ ಬುಡ, ಎರಡೂ ಸೊಂಟದ ಬದಿ, ಹಿಮ್ಮಡಿ, ಕಾಲಿನ ಗಂಟು, ಭುಜದ ಹಿಂಭಾಗ ನೋಡಿ. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ಹುಣ್ಣು ಇನ್ನೂ ಶುರುವಾಗಿಲ್ಲ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಒಳಗೆ ಆಗಲೇ ಶುರುವಾಗಿದೆ. ನಮ್ಮಂಥ ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದೇ ಕಷ್ಟ. ಕೈಯ ಹಿಂಬದಿಯಿಂದ ಮುಟ್ಟಿ ನೋಡಿ, ಸುತ್ತಲಿಗಿಂತ ಬಿಸಿ, ಗಟ್ಟಿ ಅಥವಾ ನೇರಳೆ ಛಾಯೆ ಇದ್ದರೆ ಅದೇ ಗುರುತು. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗಿನ ಮಾಂಸ ಇನ್ನಷ್ಟು ಜಜ್ಜುತ್ತದೆ. ನಡುವೆ ತೂತಿರುವ ಗಾಳಿ ರಿಂಗ್ ಮಾರುತ್ತಾರಲ್ಲ, ಅದೂ ಬೇಡ. ಅಂಚಿನ ಸುತ್ತ ರಕ್ತ ಓಡಾಡುವುದಕ್ಕೇ ಅದು ಅಡ್ಡಿ. ಚರ್ಮ ಬಿಚ್ಚಿಕೊಂಡರೆ ಅರಿಶಿನ, ಪೌಡರ್ ತುಂಬದೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಹೊರಳಿಸುವುದೆಂದರೆ ಪೂರ್ತಿ ಮಗ್ಗುಲಲ್ಲ. ಬೆನ್ನ ಹಿಂದೆ ದಿಂಬು ಕೊಟ್ಟು ಮೂವತ್ತು ಡಿಗ್ರಿ ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬು, ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ. ಸ್ವಾಧೀನವಿಲ್ಲದ ಬಲಗೈ ಹಿಡಿದು ಯಾವತ್ತೂ ಎಳೆಯಬೇಡಿ, ಭುಜದ ಕೀಲು ಸಡಿಲಾಗಿ ಜಾರುತ್ತದೆ. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸರಿಸುವ ಹೊತ್ತಿಗೆ ಮಾತ್ರ ಭುಜದಿಂದ ತೊಡೆಯವರೆಗೆ ಅಡಿಯಲ್ಲಿ ಹಾಸಿ, ಆಮೇಲೆ ತೆಗೆದುಬಿಡಿ. ಮೇಲಕ್ಕೆ ಸರಿಸುವಾಗ ಇಬ್ಬರು ಎರಡು ಬದಿ ನಿಂತು ಆ ಸೀರೆಯ ಅಂಚನ್ನೇ ಹಿಡಿದೆತ್ತಿ. ಮೈಯನ್ನು ಹಾಸಿಗೆಯ ಮೇಲೆ ಎಳೆದಾಡಿದರೆ ಚರ್ಮ ಅಲ್ಲೇ ನಿಂತು ಮೂಳೆ ಮಾತ್ರ ಜರುಗುತ್ತದೆ, ಆಳದ ಹುಣ್ಣು ಶುರುವಾಗುವುದು ಹಾಗೆ. ಮಂಚ ತಗ್ಗಾಗಿದ್ದರೆ ಬಡಗಿಯಿಂದ ನಾಲ್ಕು ಮರದ ತುಂಡು ಮಾಡಿಸಿ, ಮಂಚದ ಕಾಲು ಜಾರದಂತೆ ಕುಳಿ ಕೊರೆಸಿ, ನಿಮ್ಮ ಸೊಂಟದ ಮಟ್ಟಕ್ಕೆ ಎತ್ತರಿಸಿ. ಎರಡೂ ಬದಿ ನಿಲ್ಲಲು ಜಾಗವಿರಲಿ, ರಾತ್ರಿ ಎರಡೂ ಬದಿಗೆ ತಡೆ ಇರಲಿ. ನಿಮ್ಮ ಬೆನ್ನು ಬಿದ್ದರೆ ಅಮ್ಮನನ್ನು ನೋಡಲು ಯಾರಿದ್ದಾರೆ?

ಈಗ ನಿದ್ದೆ. ಆರೈಕೆ ಮಾಡುವವರನ್ನು ಕೆಡಿಸುವುದು ಹಗಲಿನ ಕೆಲಸಕ್ಕಿಂತ ರಾತ್ರಿ ಎರಡು ಗಂಟೆಯ ಆ ಒಂದು ಏಳುವಿಕೆ. ಅದನ್ನು ಅಪ್ಪನಿಗೆ ಕೊಡಿ. ರಾತ್ರಿ ಹತ್ತೂವರೆಗೆ ನೀವು ಎಡಕ್ಕೆ ವಾಲಿಸಿ ಬೆನ್ನ ಹಿಂದೆ ದಿಂಬಿಟ್ಟು ಮಲಗಿ. ಎರಡು ಗಂಟೆಗೆ ಅಪ್ಪ ಆ ದಿಂಬನ್ನು ಮೆಲ್ಲಗೆ ಹೊರಗೆಳೆದರೆ ಮೈ ತಾನಾಗಿ ಅಂಗಾತಕ್ಕೆ ಬರುತ್ತದೆ. ಎತ್ತುವುದೇನೂ ಇಲ್ಲ. ವಯಸ್ಸಾದವರು ಹೇಗೂ ಆ ಹೊತ್ತಿಗೆ ಬಚ್ಚಲಿಗೆ ಏಳುತ್ತಾರೆ. ಬೆಳಿಗ್ಗೆ ಐದೂವರೆಗೆ ನೀವೆದ್ದು ಬಲಕ್ಕೆ ವಾಲಿಸಿ, ಬಲ ಭುಜ ಅಡಿಗೆ ಸಿಕ್ಕಿಕೊಳ್ಳದಂತೆ ಸ್ವಲ್ಪ ಮುಂದಕ್ಕೆ ತಂದಿಡಿ. ನಿಮಗೆ ಒಂದೇ ತುಂಡಿನಲ್ಲಿ ಆರೇಳು ಗಂಟೆ ನಿದ್ದೆ ಸಿಗುತ್ತದೆ. ಬೆಳಿಗ್ಗೆ ಬೆನ್ನ ಬುಡ ಕೆಂಪಾಗಿದ್ದರೆ ಮಾತ್ರ ಈ ಪಾಳಿ ಬದಲಿಸಬೇಕು.

ಡೈಪರ್ ರಾತ್ರಿಗೆ ಒಂದು, ಆಸ್ಪತ್ರೆಗೆ ಹೋಗುವಾಗ ಒಂದು. ನಲವತ್ತು ರೂಪಾಯಿಯದ್ದನ್ನು ದಿನಕ್ಕೆ ಮೂರು ಹಾಕಿದರೆ ತಿಂಗಳಿಗೆ 3,600, ರಾತ್ರಿ ಮಾತ್ರವಾದರೆ 1,200. ಹಗಲಿಗೆ ಹಳೆಯ ಹತ್ತಿ ಸೀರೆಯ ತುಂಡುಗಳು, ಕೆಳಗೆ ಸೊಂಟದಗಲ ಮಾತ್ರ ರಬ್ಬರ್ ಶೀಟ್. ಮಳೆಗಾಲಕ್ಕೆ ಹನ್ನೆರಡು ತುಂಡಾದರೂ ಬೇಕು. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ. ಹೊಗೆ ವಾಸನೆ ಬಂದರೆ ಬರಲಿ, ಹಸಿ ಇರಬಾರದು. ಅರೆಹಸಿ ಬಟ್ಟೆ ಹಾಕಿದರೆ ತೊಡೆಸಂದಿಗೆ ಹುಳುಕಡ್ಡಿ ಬರುತ್ತದೆ.

ಊಟ ಕೊಡುವಾಗ ನೆಟ್ಟಗೆ ಕೂರಿಸಿ, ಆಮೇಲೂ ಅರ್ಧ ಗಂಟೆ ಹಾಗೇ ಇರಲಿ. ನೀರು ಕುಡಿದಾಗ ಕೆಮ್ಮು ಬಂದರೆ, ದನಿ ಗೊರಗೊರ ಆದರೆ ನುಂಗುವುದರಲ್ಲಿ ತೊಂದರೆ ಇದೆ, ಡಾಕ್ಟರಿಗೆ ಹೇಳಿ. ಪ್ರೋಟೀನ್ ಡಬ್ಬಿಯ ದುಡ್ಡು ಉಳಿಸಿ. ಕಿಡ್ನಿ ತೊಂದರೆ ಇಲ್ಲದಿದ್ದರೆ ಮೊಟ್ಟೆ, ಚೆನ್ನಾಗಿ ಬೆಂದ ಹೆಸರುಬೇಳೆ, ಮೊಸರು ಸಾಕು. ಉಳಿದ ದುಡ್ಡು ಫಿಸಿಯೋಥೆರಪಿಗೆ ಹೋಗಲಿ. ಲಕ್ವದ ಚೇತರಿಕೆ ಮೊದಲ ಆರು ತಿಂಗಳಲ್ಲೇ ಹೆಚ್ಚು, ನಿಮಗೆ ಎರಡು ತಿಂಗಳು ಬಾಕಿ ಇದೆ. ದಿನಾ ಕರೆಸಲು ಆಗದಿದ್ದರೆ ವಾರಕ್ಕೊಮ್ಮೆ ಕರೆಸಿ ಕಲಿತು, ಉಳಿದ ದಿನ ನೀವೂ ಆ ಹೆಂಗಸೂ ಮಾಡಿಸಿ. ಮಾತ್ರೆಗಳ ಜನರಿಕ್ ಹೆಸರನ್ನು (ಕಂಪನಿಯ ಹೆಸರಲ್ಲ, ಔಷಧದ ಹೆಸರು) ಡಾಕ್ಟರ ಕೈಯಲ್ಲೇ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೊಳ್ಳಿ. ಬಿಪಿ ನಾರ್ಮಲ್ ಬಂತೆಂದು ಮಾತ್ರೆ ನಿಲ್ಲಿಸಬೇಡಿ, ನಾರ್ಮಲ್ ಬಂದಿರುವುದು ಮಾತ್ರೆಯಿಂದಲೇ.

ಅಮ್ಮನಿಗೆ 65 ದಾಟಿದ್ದು ಆದಾಯ ಮಿತಿಯೊಳಗಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200. ಅರ್ಜಿ ನಾಡಕಚೇರಿಯಲ್ಲಿ. ಅಂಗವಿಕಲತೆಯ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿಡಿ. ನಿಮ್ಮ ಮನಸ್ಸೇ ಕುಸಿದಂತೆ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಗೆ ನಮ್ಮ ಸೀಮೆಯ ಒಂದು ತಾಪತ್ರಯ. ಅಡಿಕೆ ಕೊಯ್ಲು ಶುರುವಾದರೆ ಆ ಹೆಂಗಸು ಸುಲಿಯಲು ಹೋಗುತ್ತಾರೆ, ಅಲ್ಲಿ ಕೂಲಿ ಹೆಚ್ಚು, ತಪ್ಪೂ ಅಲ್ಲ. ಬೇಸರ ಮಾಡಿಕೊಳ್ಳದೆ ಮೊದಲೇ ಕೇಳಿ: ಬೆಳಗಿನ ಎರಡು ಗಂಟೆ ಮಾತ್ರ ಬರಲಾದೀತೇ, ಇಲ್ಲ ಬದಲಿಗೆ ಯಾರನ್ನಾದರೂ ಕಳಿಸುತ್ತಾರೆಯೇ? ಮಧ್ಯಾಹ್ನದ ಪಾಳಿ ಅಣ್ಣನದು. ದಸರಾಕ್ಕೆ ಊರಿಗೆ ಬಂದಾಗಲೇ ಡಿಸೆಂಬರ್-ಜನವರಿಯ ಅವರ ರಜೆಯನ್ನು ತಾರೀಕಿನ ಸಮೇತ ಬರೆಸಿಕೊಳ್ಳಿ, ವರ್ಕ್ ಫ್ರಂ ಹೋಂ ಇದ್ದರೆ ಲ್ಯಾಪ್‌ಟಾಪ್ ಹೊತ್ತು ಇಲ್ಲಿಗೇ ಬರಲಿ. ಬಂದ ಮೊದಲ ದಿನ ಪಕ್ಕದಲ್ಲಿ ನಿಂತು ಹೊರಳಿಸುವುದನ್ನು ಕಲಿಸಿ. ಎರಡನೇ ದಿನದಿಂದ, ಅವರು ಕರೆದರೂ, ಆ ಕೋಣೆಗೆ ಹೋಗಬೇಡಿ.