ನನ್ನ ಟ್ಯಾಂಗ್ ಮೀನಿನ (ಉಪ್ಪುನೀರಿನ ಮೀನು) ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಬಂದು, ನಾಲ್ಕು ದಿನದಲ್ಲಿ ತಾನಾಗೇ ವಾಸಿಯಾಗಿತ್ತು. ಈಗ ಮತ್ತೆ ಬಂದಿದೆ. ಹವಳ ಇರುವ ಟ್ಯಾಂಕ್‌ಗೇ ಔಷಧಿ ಹಾಕಬಹುದಾ?

ಬೇಡ, ದಯವಿಟ್ಟು ಹಾಕಬೇಡಿ. ಈ ರೋಗಕ್ಕೆ ನಂಬಬಹುದಾದ ಔಷಧಿ ತಾಮ್ರ. ಅದು ಹವಳ, ಸೀಗಡಿ, ಬಸವನಹುಳು ಯಾವುದನ್ನೂ ಉಳಿಸುವುದಿಲ್ಲ. ಕಲ್ಲು, ಮರಳು ಕೂಡ ತಾಮ್ರವನ್ನು ಹೀರಿಕೊಳ್ಳುತ್ತವೆ. ಮೀನನ್ನು ಹೊರಗೆ ತೆಗೆದು ಬೇರೆ ಟ್ಯಾಂಕ್‌ನಲ್ಲೇ ಚಿಕಿತ್ಸೆ ಕೊಡಬೇಕು.

'ನಾಲ್ಕು ದಿನದಲ್ಲಿ ತಾನಾಗೇ ವಾಸಿಯಾಗಿತ್ತು' ಅಂತ ಬರೆದಿದ್ದೀರಿ. ವಾಸಿ ಆಗಿರಲಿಲ್ಲ. ನೀವು ಹೇಳುವ ಉಪ್ಪಿನ ಕಾಳಿನಂಥ ಚುಕ್ಕೆ ನೋಡಿದರೆ ಇದು ಕ್ರಿಪ್ಟೋಕ್ಯಾರಿಯಾನ್ ಅನ್ನುವ ಪರಾವಲಂಬಿ ಜೀವಿಯಿಂದ ಬರುವ ರೋಗ, ಅಂದರೆ ಮರೀನ್ ಇಕ್ ಇರಬೇಕು. ಈ ಜೀವಿ ಮೀನಿನ ಚರ್ಮದ ಒಳಗೆ 3ರಿಂದ 7 ದಿನ ಕೂತು ತಿನ್ನುತ್ತದೆ. ಆಮೇಲೆ ಉದುರಿ, ಕಲ್ಲಿಗೋ ಮರಳಿಗೋ ಅಂಟಿಕೊಂಡು ಗಟ್ಟಿ ಚಿಪ್ಪು ಕಟ್ಟುತ್ತದೆ. ಆ ಚಿಪ್ಪಿನೊಳಗೆ ಒಂದು ನೂರಾರಾಗಿ ಒಡೆಯುತ್ತದೆ. ಕೆಲವು ದಿನವೋ ಕೆಲವು ವಾರವೋ ಕಳೆದ ಮೇಲೆ ಮರಿಗಳು ಹೊರಬಂದು ಮೀನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ತಾಮ್ರ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ಚರ್ಮದ ಒಳಗಿರುವುದಕ್ಕೂ ಚಿಪ್ಪಿನ ಒಳಗಿರುವುದಕ್ಕೂ ಅದು ತಾಗುವುದೇ ಇಲ್ಲ. ಅದಕ್ಕೇ ಇಷ್ಟು ದಿನ ಹಿಡಿಯುವುದು.

ನಾನೂ ಇದೇ ಜಾಗದಲ್ಲಿ ಎಡವಿದ್ದೇನೆ. ಊಟಕ್ಕೆ ಬೆಳ್ಳುಳ್ಳಿ ರಸ ಬೆರೆಸಿ ಕೊಟ್ಟೆ, ಚುಕ್ಕೆ ಹೋಯಿತು, ಬೆಳ್ಳುಳ್ಳಿಯಿಂದಲೇ ಹೋಯಿತು ಅಂದುಕೊಂಡೆ. ಹತ್ತು ದಿನದ ಮೇಲೆ ರಾತ್ರಿ ಟಾರ್ಚ್ ಹಿಡಿದು ನೋಡಿದರೆ ನನ್ನ ಹಳದಿ ಟ್ಯಾಂಗ್‌ನ ರೆಕ್ಕೆ ತುಂಬ ಚುಕ್ಕೆ. ಒಂದು ಕಡೆಯ ಕಿವಿರು ಮುಚ್ಚಿಕೊಂಡು, ಇನ್ನೊಂದರಲ್ಲೇ ಏದುಸಿರು ಬಿಡುತ್ತಿತ್ತು. ಮೂರನೇ ದಿನ ಮೀನು ಸತ್ತೇ ಹೋಯಿತು. ಆ ಕಿವಿರು ಈಗಲೂ ಕಣ್ಣ ಮುಂದೆ ಇದೆ.

ಚಿಕಿತ್ಸೆಯ ಟ್ಯಾಂಕ್ ಬರೀ ಗಾಜು ಸಾಕು. ಮರಳು ಬೇಡ, ಕಲ್ಲು ಬೇಡ. ಹೀಟರ್, ಏರ್ ಪಂಪ್, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು ಇರಲಿ. ಫಿಲ್ಟರ್‌ನಲ್ಲಿ ಕಾರ್ಬನ್ ಇದ್ದರೆ ತೆಗೆಯಿರಿ, ಅದು ತಾಮ್ರವನ್ನು ಹೀರಿಬಿಡುತ್ತದೆ. ಚೀಲೇಟೆಡ್ ತಾಮ್ರವಾದರೆ (ಬೇರೆ ಅಣುವಿಗೆ ಕಟ್ಟಿಹಾಕಿದ ತಾಮ್ರ) ಸಾಮಾನ್ಯವಾಗಿ ಲೀಟರಿಗೆ 2ರಿಂದ 2.5 ಮಿಲಿಗ್ರಾಂ. ಅಯಾನಿಕ್ ತಾಮ್ರಕ್ಕೆ (ಹಾಗೆ ಕಟ್ಟದೆ ಬಿಡಿಯಾಗಿ ಕರಗಿರುವುದು) ಇದಕ್ಕಿಂತ ತುಂಬಾ ಕಡಿಮೆ ಸಾಕು. ಎರಡನ್ನೂ ಅದಲು ಬದಲು ಮಾಡಿದರೆ ಮೀನೇ ಸಾಯುತ್ತದೆ, ಹಾಗಾಗಿ ಬಾಟಲಿಯ ಲೇಬಲ್ ಎರಡು ಸಲ ಓದಿ. ಪ್ರಮಾಣವನ್ನು ಎರಡು ಮೂರು ದಿನದಲ್ಲಿ ನಿಧಾನವಾಗಿ ಏರಿಸಿ, ಅಲ್ಲಿಂದ 30 ದಿನ ಅದೇ ಮಟ್ಟವನ್ನು ಬಿಡದೆ ಕಾಪಾಡಿ. ಮಧ್ಯೆ ಒಂದು ದಿನ ಇಳಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಟೆಸ್ಟ್ ಕಿಟ್ ನಿಮ್ಮ ತಾಮ್ರದ ಬಗೆಗೆ ಹೊಂದುವಂಥದ್ದೇ ಆಗಿರಬೇಕು. ಅಮೋನಿಯಾವನ್ನೂ ದಿನಾ ನೋಡಿ. ಏರಿದರೆ ಅಷ್ಟೇ ತಾಮ್ರ ಬೆರೆಸಿದ ಹೊಸ ನೀರು ಹಾಕಿ. ತಾಮ್ರ ಇರುವಾಗ ಅಮೋನಿಯಾ ತೆಗೆಯುವ ದ್ರಾವಣ ಮಾತ್ರ ಬೇಡ, ಕೆಲವು ಸೇರಿದರೆ ತಾಮ್ರ ವಿಷವಾಗುತ್ತದೆ.

ಸಿಹಿನೀರಿನ ಮೀನಿಗೆ ಮಾಡುವ ಹಾಗೆ ಬಿಸಿ ಏರಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ. ಸಿಹಿನೀರಿನದು ಬೇರೆಯೇ ಜೀವಿ.

ಇನ್ನು ದೊಡ್ಡ ಟ್ಯಾಂಕ್. ಅದರಲ್ಲಿರುವ ಎಲ್ಲಾ ಮೀನನ್ನೂ ತೆಗೆಯಬೇಕು, ಚುಕ್ಕೆ ಕಾಣದವನ್ನೂ. ಒಂದು ಉಳಿದರೂ ರೋಗ ಉಳಿಯಿತು. ಹವಳ, ಸೀಗಡಿ ಅಲ್ಲೇ ಇರಲಿ, ಅವುಗಳ ಮೈಯಲ್ಲಿ ಇದು ಬದುಕುವುದಿಲ್ಲ. ಮೀನಿಲ್ಲದೆ 76 ದಿನ ಬಿಡಿ. ಜಾಸ್ತಿ ಅನ್ನಿಸುತ್ತೆ ಅಲ್ವಾ? ಆದರೆ ಕೆಲವು ಚಿಪ್ಪುಗಳು ಅಷ್ಟು ತಡವಾಗಿಯೂ ಒಡೆಯುತ್ತವೆ. ಮುಂದೆ ಹೊಸ ಹವಳ ತಂದರೂ ಅದರ ಬುಡದ ಕಲ್ಲಿನಲ್ಲಿ ಈ ಚಿಪ್ಪು ಬರಬಹುದು ಅನ್ನುವುದು ನೆನಪಿರಲಿ.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು ಮೀನಿನ ಮೈ ನೋಡಿ. ಬಿಡಿ ಬಿಡಿ ಕಾಳಿನ ಬದಲು ಹಿಟ್ಟು ಚಿಮುಕಿಸಿದ ಹಾಗೆ ಸಣ್ಣ ಧೂಳು ಕಂಡು, ಉಸಿರು ಜೋರಾಗಿದ್ದರೆ ಅದು ವೆಲ್ವೆಟ್ ಅನ್ನುವ ಇನ್ನೊಂದು ಪರಾವಲಂಬಿ ರೋಗ. ಅದು ಎರಡು ಮೂರು ದಿನದಲ್ಲೇ ಕೊಲ್ಲಬಲ್ಲದು. ಆಗ ನಾಳೆಗೆ ಕಾಯಬೇಡಿ, ರಾತ್ರಿಯೇ ಬೇರೆ ಟ್ಯಾಂಕ್ ತುಂಬಿಸಿ ಮೀನನ್ನು ಅಲ್ಲಿಗೆ ಹಾಕಿ.