ನೀರು ಬರುತ್ತಿಲ್ಲವೋ, ಬದು ಸೋರುತ್ತಿದೆಯೋ?

ಹೆಸರು ಬೇಡವೆಂದ ದಾವಣಗೆರೆ ತಾಲ್ಲೂಕಿನ ಓದುಗರಿಗೆ,

ವಯಸ್ಸು 47, ಆರು ವರ್ಷಗಳಿಂದ ಸಕ್ಕರೆ ಕಾಯಿಲೆ, ಒಂದು ವರ್ಷದಿಂದ ನಿಮಿರುವಿಕೆಯ ತೊಂದರೆ ಎಂದು ಬರೆದಿದ್ದೀರಿ. ರಕ್ತದಲ್ಲಿ ವಿಕಿರಣಶೀಲ ವಸ್ತು ಬೆರೆಸಿ ಕಾರಣ ಹುಡುಕುತ್ತಾರಂತೆ, ಮಾಡಿಸಲೇ, ಕ್ಯಾನ್ಸರ್ ಬಂದೀತೇ ಎಂದು ಕೇಳಿದ್ದೀರಿ. ಮೊದಲು, ಪತ್ರದಲ್ಲಿ ನಿಮಗೆ ನೀವೇ ಇಟ್ಟುಕೊಂಡಿರುವ 'ನಪುಂಸಕ' ಎಂಬ ಪದವನ್ನು ಹೊಡೆದುಹಾಕಿ. ಆ ಪದ ಓದಿ ನನಗೆ ಸಂಕಟವಾಯಿತು.

ನೀವು ಭದ್ರಾ ಅಚ್ಚುಕಟ್ಟಿನ ಕೊನೆ ಭಾಗದಲ್ಲಿ ಭತ್ತ ಬೆಳೆಯುವವರು. ಗದ್ದೆಯಲ್ಲಿ ನೀರು ನಿಲ್ಲದಿದ್ದರೆ ನಾಲೆಯಿಂದ ಬರುತ್ತಿಲ್ಲವೋ, ಬಂದದ್ದು ಬದುವಿನಲ್ಲಿ ಸೋರುತ್ತಿದೆಯೋ ಎಂದು ನೋಡುತ್ತೀರಿ. ಇಲ್ಲಿಯೂ ಹಾಗೆಯೇ. ಅಪಧಮನಿಯಿಂದ ರಕ್ತ ನುಗ್ಗಬೇಕು; ತುಂಬಿದ ಅಂಗಾಂಶವೇ ಅಭಿಧಮನಿಗಳನ್ನು ಒತ್ತಿ ಹೊರದಾರಿ ಮುಚ್ಚಬೇಕು. ನೀವು ಕೇಳಿದ ಪರೀಕ್ಷೆಯಲ್ಲಿ ನಿಮ್ಮದೇ ಕೆಂಪು ರಕ್ತಕಣಗಳಿಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವನ್ನು ಅಂಟಿಸುತ್ತಾರೆ. ಔಷಧ ಚುಚ್ಚಿ ನಿಮಿರುವಿಕೆ ಬರಿಸಿ, ಎಷ್ಟು ರಕ್ತ ತುಂಬುತ್ತದೆ ಎಂಬುದನ್ನು ಆ ವಿಕಿರಣವನ್ನು ಗುರುತಿಸುವ ಗಾಮಾ ಕ್ಯಾಮೆರಾದಿಂದ ಅಳೆಯುತ್ತಾರೆ. ಸೋರಿಕೆ ತಿಳಿಯಲು ಕ್ಸೆನಾನ್-133 ಎಂಬ ಇನ್ನೊಂದು ವಿಕಿರಣಶೀಲ ವಸ್ತುವನ್ನು ಅಲ್ಲಿಗೇ ಚುಚ್ಚಿ, ಅದು ಎಷ್ಟು ಬೇಗ ತೊಳೆದುಹೋಗುತ್ತದೆಂದು ನೋಡುವ ವಿಧಾನವೂ ಬಳಕೆಗೆ ಬಂದಿತ್ತು. ಟೆಕ್ನೀಷಿಯಂನ ವಿಕಿರಣ ಪ್ರತಿ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ, ಒಂದು ದಿನದಲ್ಲಿ ಹದಿನಾರನೇ ಒಂದು ಪಾಲಾಗುತ್ತದೆ. ಬಳಸುವ ಪ್ರಮಾಣವೂ ಅಲ್ಪ. ಕ್ಯಾನ್ಸರಿಗೆ ಹೆದರಿ ಹಿಂಜರಿಯಬೇಕಿಲ್ಲ.

ಆದರೂ ಅದರಿಂದ ಆರಂಭಿಸಬೇಡಿ. ಇದೇ ಪ್ರಶ್ನೆಗೆ ಈಗ ವೈದ್ಯರು ಸಾಮಾನ್ಯವಾಗಿ ಶಬ್ದತರಂಗಗಳಿಂದ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ, ಅದರಲ್ಲಿ ವಿಕಿರಣವೇ ಇಲ್ಲ. ಅದೂ ಎಲ್ಲರಿಗೂ ಬೇಕಾಗುವುದಿಲ್ಲ. ಬೆಳಗಿನ ಹೊತ್ತು ತಾನಾಗಿ ನಿಮಿರುವುದಿದ್ದರೆ ನರ, ರಕ್ತನಾಳ ಬಹುಪಾಲು ಸರಿಯಿವೆ, ತೊಡಕು ಮನಸ್ಸಿನಲ್ಲಿರಬಹುದು. ನಿಮಗೆ ಅದೂ ನಿಂತಿದೆ.

ನನ್ನನ್ನು ಕಾಡುತ್ತಿರುವುದು ಅದೇ. ಆ ಭಾಗದ ಅಪಧಮನಿಗಳು ಒಂದೆರಡು ಮಿಲಿಮೀಟರ್ ಅಗಲದವು, ಹೃದಯದವು ಮೂರು ನಾಲ್ಕು. ಸಕ್ಕರೆ ಕಾಯಿಲೆ, ಬೀಡಿ, ರಕ್ತದೊತ್ತಡಗಳಿಂದ ನಾಳ ಕಟ್ಟುತ್ತಾ ಬಂದರೆ ಸಣ್ಣದು ಮೊದಲು ಸೋಲುತ್ತದೆ. ಹೃದಯದ ತೊಂದರೆಗೆ ಕೆಲವು ವರ್ಷ ಮೊದಲೇ ಈ ಸೂಚನೆ ಬರುವುದುಂಟು. ಆದ್ದರಿಂದ ಬಸ್ ನಿಲ್ದಾಣದ ಗೋಡೆಯಲ್ಲಿ 'ಗುಪ್ತರೋಗ ತಜ್ಞ'ರ ಭಿತ್ತಿಪತ್ರ ಕಂಡು ಲಾಡ್ಜಿಗೆ ಹೋಗಬೇಡಿ. ಈ ವಾರವೇ ನಿಮ್ಮ ಸಕ್ಕರೆ ಕಾಯಿಲೆಯ ವೈದ್ಯರ ಬಳಿ ಹೋಗಿ, ಪತ್ರದಲ್ಲಿ ಬರೆದದ್ದನ್ನೆಲ್ಲ ಹೇಳಿ, ಹೃದಯವನ್ನೂ ಪರೀಕ್ಷಿಸಲು ಕೇಳಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುತ್ತಿದ್ದರೆ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆ ಮುಟ್ಟಲೇಬೇಡಿ; ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ. ಒಂದು ವರ್ಷದಿಂದ ಅವರೂ ಏನೇನು ಊಹಿಸಿಕೊಂಡಿದ್ದಾರೋ.

– ಸಂಪಾದಕ